ನೊರೆ ಸೇರಿಸಿ ಅಳೆದ ಹಾಲು

ಪುಣೆ
12 ಜೂನ್ 2008

ಅತ್ತಿಗೆ,

ಫೋನ್ ಬಿಟ್ಟು ಕಾಗದ ಹಿಡಿದಿದ್ದಾಳೆ, ಇವಳಿಗೇನಾಯಿತು ಎಂದುಕೊಳ್ಳಬೇಡಿ. ಫೋನಿನಲ್ಲಿ ನೀವು “ಎಲ್ಲಾ ಚೆನ್ನಾಗಿದೀವಿ ಕಣೆ, ಹಾಲಿನ ಲಾರಿ ಬಂತು, ಇಡ್ತೀನಿ” ಎನ್ನುವುದರ ಆಚೆಗೆ ಹೋಗುವುದಿಲ್ಲ. ಅಣ್ಣನಂತೂ ಬಾಶೆಟ್ಟಿಹಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟ್ ಮುಗಿಸಿ ಬಂದವನು ನಿದ್ದೆಗಣ್ಣಿನಲ್ಲೇ ಹೂಂಗುಟ್ಟುತ್ತಾನೆ. ಕಾಗದಕ್ಕಾದರೆ ನೀವು ಕುಳಿತು ಉತ್ತರ ಬರೆಯುತ್ತೀರಿ. ಕಾನ್ವೆಂಟಿನಲ್ಲಿ ಕಲಿತ ನನ್ನ ಕನ್ನಡ ಅಕ್ಷರ ನೋಡಿ ನಗಬೇಡಿ. ಒತ್ತಕ್ಷರ ಬಂದಾಗ ಈ ವಯಸ್ಸಿನಲ್ಲೂ ಕೈ ಒಂದು ಕ್ಷಣ ಅನುಮಾನಿಸುತ್ತದೆ.

ಒಂದು ವಿಷಯ ಕೇಳಬೇಕಿತ್ತು. ನಮ್ಮ ಸಂಸ್ಥೆಗೆ ಹಾಲಿನ ಸಂಘಗಳ ಬಗ್ಗೆ ವರದಿ ಮಾಡುವ ಕೆಲಸ ಬಂದಿದೆ. ಲೆಕ್ಕದ ಭಾಗ ನನ್ನದು. ಹಳ್ಳಿಯ ಸಂಘದಲ್ಲಿ ಬೆಳಿಗ್ಗೆ ಹಾಲು ಬಂದಾಗಿನಿಂದ ಲಾರಿ ಹತ್ತುವವರೆಗೆ ಏನೇನು ನಡೆಯುತ್ತದೆ, ಯಾರು ಅಳೆಯುತ್ತಾರೆ, ಹೇಗೆ ಅಳೆಯುತ್ತಾರೆ, ಇಷ್ಟನ್ನು ಬರೆಯುತ್ತೀರಾ? ನೀವು ಹೊನ್ನಕುಂಟೆ ಮಹಿಳಾ ಸಂಘದ ಸೆಕ್ರೆಟರಿ ಎಂಬ ಕಾರಣಕ್ಕೆ ಕೇಳುತ್ತಿಲ್ಲ. ಅಥವಾ ಅದೇ ಕಾರಣಕ್ಕೋ ಏನೋ. ಸುಮ್ಮನೆ ತಿಳಿದುಕೊಳ್ಳಲು ಎಂದಿಟ್ಟುಕೊಳ್ಳಿ.

ನಿಮ್ಮ
ಅನು


ಹೊನ್ನಕುಂಟೆ
29 ಜೂನ್ 2008

ಅನುಗೆ ಅತ್ತಿಗೆಯ ಆಶೀರ್ವಾದ.

ನಿನ್ನ ಕಾಗದ ಕೊಡುವಾಗ ಪೋಸ್ಟ್‌ಮ್ಯಾನು “ಯಾಕಕ್ಕಾ, ಯಾರಾದ್ರೂ ಹೋಗ್ಬಿಟ್ರಾ?” ಎಂದು ಕೇಳಿದ. ಬ್ಯಾಂಕಿನ ನೋಟಿಸು ಬಿಟ್ಟರೆ ನಮ್ಮ ಊರಿಗೆ ಈಗ ಕಾಗದ ಬರುವುದು ಅಷ್ಟಕ್ಕಷ್ಟೆ. ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ಒಂದೆರಡು ಕಡೆ ದೀರ್ಘ ಬಿಟ್ಟಿದ್ದೀಯ, ಓದಿಕೊಂಡೆ.

ವಿಮಾನಗಳು ನಮ್ಮ ಕೊಟ್ಟಿಗೆಯ ಮೇಲೆಯೇ ಇಳಿಯುತ್ತವೇನೋ ಅನ್ನಿಸುತ್ತದೆ. ಮೊದಮೊದಲು ಹಸುಗಳು ಬೆಚ್ಚಿ ಹಾಲು ಇಳಿಸುತ್ತಿರಲಿಲ್ಲ. ಈಗ ಅವಕ್ಕೆ ಅಭ್ಯಾಸವಾಗಿದೆ, ನನಗೇ ಆಗಿಲ್ಲ.

ನೀನು ಕೇಳಿದ್ದು. ಬೆಳಕು ಹರಿಯುವ ಮೊದಲೇ ಹೆಂಗಸರು ಹಾಲು ಕರೆದು, ಬಿಸಿ ಆರುವ ಮುಂಚೆ ಡೈರಿಗೆ ತರುತ್ತಾರೆ. ನಾನು ಅಳತೆ ಪಾತ್ರೆಗೆ ಸುರಿಸಿಕೊಂಡು ಗೆರೆ ನೋಡಿ ಬರೆದುಕೊಳ್ಳುತ್ತೇನೆ. ಸ್ಯಾಂಪಲ್ ತೆಗೆದು ಕ್ಯಾನಿಗೆ ತುಂಬುತ್ತೇವೆ. ಲಾರಿ ಬಂದು ಒಯ್ಯುತ್ತದೆ. ಶೀತಲ ಕೇಂದ್ರದಲ್ಲಿ ಒಕ್ಕೂಟದವರು ತೂಕ ಹಾಕುತ್ತಾರೆ. ಇಷ್ಟೇ.

ಮೊದಲಿನ ಹಾಗೆ ಮನೆಗೆ ನಾಲ್ಕೈದು ಹಸು ಇಲ್ಲ. ಹೊಲ ಹೊಸ ವಿಮಾನ ನಿಲ್ದಾಣಕ್ಕೆ ಹೋದ ಮೇಲೆ ಮೇವು ಎಲ್ಲಿಂದ ಬರಬೇಕು. ಎಲ್ಲರದೂ ಒಂದೊಂದು ಹಸು, ಚೊಂಬಿನಷ್ಟು ಹಾಲು. ಮಾರಕ್ಕ ನಿನಗೆ ನೆನಪಿರಬೇಕು, ಹುಣಿಸೆಮರದ ಮನೆಯವಳು. ಅವಳಂತೂ ಚೊಂಬನ್ನು ತಲೆಯ ಮಟ್ಟಕ್ಕೆ ಎತ್ತಿ ಸುರಿಯುತ್ತಾಳೆ. “ಪಿಳ್ಳಕ್ಕಾ, ಪಕ್ಕದಿಂದ ಬಗ್ಗಿ ಬಗ್ಗಿ ನೋಡ್ಬೇಡ, ಮೇಲಿಂದ ನೋಡು. ನೊರೇನೂ ನನ್ ಹಸೂದೇ, ನಿಮ್ಮಪ್ಪನ ಮನೇದಲ್ಲ” ಎನ್ನುತ್ತಾಳೆ. ಸಾಲೆಲ್ಲ ನಗುತ್ತದೆ. ಬೆಳಗಾಗುವುದೇ ಅವಳ ಬಾಯಿಂದ.

ಅತ್ತಿಗೆ
ಪಿಳ್ಳಮ್ಮ


ಪುಣೆ
14 ಜುಲೈ 2008

ಅತ್ತಿಗೆ,

ಮಾರಕ್ಕನ ಮಾತು ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಅವಳು ನಾಟಕದ ಕಂಪನಿಯಲ್ಲಿ ಇರಬೇಕಿತ್ತು.

ನನ್ನ ಕೆಲಸ ಏನೆಂದು ಹೇಳುತ್ತೇನೆ. ಒಂದು ಸಂಘ ಎಷ್ಟು ಹಾಲು ಬರೆದುಕೊಂಡಿತು, ಅದರಲ್ಲಿ ಎಷ್ಟು ಒಕ್ಕೂಟದ ತೂಕಕ್ಕೆ ತಲುಪಿತು, ಇದನ್ನು ನೋಡಿ ಸಂಘದ ದಕ್ಷತೆ ಹೇಳಬೇಕು. ಮುಂದಿನ ವರ್ಷ ಎಲ್ಲಿಗೆ ಮುಟ್ಟಬೇಕು ಎಂದು ಗುರಿ ಇಡಬೇಕು. ಕೇಳಲು ಸುಲಭ. ಆದರೆ ಹಳ್ಳಿಯ ಅಳತೆ ಕಣ್ಣಳತೆ. ಒಬ್ಬರು ಗೆರೆಯ ಮೇಲೆ ಓದುತ್ತಾರೆ, ಒಬ್ಬರು ಕೆಳಗೆ. ಹಾಗಾಗಿ ಪ್ರತಿ ಸಂಘಕ್ಕೂ ನಾನು ಎರಡು ಸಲ ಲೆಕ್ಕ ಹಾಕುತ್ತೇನೆ. ಅಳತೆಯ ತಪ್ಪೆಲ್ಲ ಸಂಘಕ್ಕೆ ಅನುಕೂಲವಾಗಿ ಆಗಿದೆ ಎಂದುಕೊಂಡು ಒಮ್ಮೆ, ಪ್ರತಿಕೂಲವಾಗಿ ಆಗಿದೆ ಎಂದುಕೊಂಡು ಇನ್ನೊಮ್ಮೆ. ಎರಡೂ ಸಲ ಚೆನ್ನಾಗಿ ಬಂದರೆ ಆ ಸಂಘ ಚೆನ್ನಾಗಿದೆ. ಎರಡೂ ಸಲ ಕೆಟ್ಟದಾಗಿ ಬಂದರೆ ಕೆಟ್ಟಿದೆ. ಬಹಳಷ್ಟು ಸಂಘಗಳು ನಡುವೆ ಎಲ್ಲೋ ಇರುತ್ತವೆ. ಕೆಲಸ ಕೊಟ್ಟವರಿಗೆ ಈ ‘ನಡುವೆ’ ಇಷ್ಟವಿಲ್ಲ. ಸುತ್ತೋಲೆಯಲ್ಲಿ ಬರೆಯಲು ಒಂದು ಸಂಖ್ಯೆ ಬೇಕು, ಅಷ್ಟೆ. ಎರಡರ ಮಧ್ಯದ್ದನ್ನು ಕೊಟ್ಟುಬಿಡೋಣ ಎನ್ನುವ ಹಂತಕ್ಕೆ ಬಂದಿದ್ದೇನೆ. ಅದು ಸರಿಯೇ ಎಂದು ದಿನಕ್ಕೊಮ್ಮೆ ಕೇಳಿಕೊಳ್ಳುತ್ತೇನೆ.

ನನಗೆ ಬಂದ ಅಂಕಿಗಳಲ್ಲಿ ನಿಮ್ಮ ಪಕ್ಕದ ಸೀಗೆಬಂಡೆಯೂ ಇದೆ. ಆಶ್ಚರ್ಯದ ಸಂಘ. ನೂರು ಲೀಟರ್ ಬರೆದುಕೊಂಡರೆ ನೂರಾ ಎರಡು ತಲುಪಿಸುತ್ತಾರೆ. ಬೇರೆಯವರದು ತೊಂಬತ್ತೈದು, ತೊಂಬತ್ತಾರು. ಒಂದು ಹನಿಯೂ ಚೆಲ್ಲುವುದಿಲ್ಲವೇನೋ. ಬಿಡುವಾದಾಗ ಅಲ್ಲಿಗೆ ಹೋಗಿ ಹೇಗೆ ಮಾಡುತ್ತಾರೆ ನೋಡಿಕೊಂಡು ಬರಬಾರದೇ? ನಿಮಗೂ ಉಪಯೋಗವಾಗಬಹುದು.

ಅನು


ಹೊನ್ನಕುಂಟೆ
22 ಆಗಸ್ಟ್ 2008

ಅನು,

ನೀನು ಹೇಳಿದ ಹಾಗೆ ಸೀಗೆಬಂಡೆಗೆ ಹೋಗಿ ಬಂದೆ.

ಅಲ್ಲಿನ ಸೆಕ್ರೆಟರಿ ಮಂಜೇಶ್ ಮರ್ಯಾದೆಯಿಂದಲೇ ಕರೆದ. “ಬನ್ನಿ ಅಕ್ಕಾ. ಹೊನ್ನಕುಂಟೆ ಸೆಕ್ರೆಟರಿ ನಮ್ ಡೈರಿಗೆ ಬಂದವ್ರೆ ಅಂದ್ರೆ ಇವತ್ತು ಹಾಲು ಒಡೀದೇ ಇದ್ರೆ ಸಾಕು” ಎಂದ. ಕಾಫಿ ಕೊಟ್ಟ. ಆಮೇಲೆ ಅಳತೆ ಶುರುವಾಯಿತು. ಅಪ್ಪಯ್ಯಣ್ಣ ಎನ್ನುವ ಮುದುಕರು ಹಾಲು ಸುರಿದರು. ಮಂಜೇಶ್ ಒಂದು ತಗಡಿನ ಪಟ್ಟಿ ತೆಗೆದುಕೊಂಡು ಪಾತ್ರೆಯ ಬಾಯಿಗೆ ಅಡ್ಡಲಾಗಿ ಎಳೆದ. ನೊರೆಯೆಲ್ಲ ಕೆಳಗಿಟ್ಟ ಬಕೆಟ್ಟಿಗೆ ಬಿತ್ತು. ಗೆರೆ ಮುಟ್ಟಲು ಇನ್ನಷ್ಟು ಹಾಲು ಹಾಕಿಸಿಕೊಂಡ.

“ಲೇ ಮಂಜ, ನಮ್ ಹಾಲಿಗೂ ಕ್ಷೌರ ಮಾಡ್ತೀಯಲ್ಲೋ” ಎಂದರು ಅಪ್ಪಯ್ಯಣ್ಣ.

“ನೊರೆ ಅಂದ್ರೆ ಗಾಳಿ ಕಣಣ್ಣೋ. ಗಾಳಿಗೆ ಯಾವನು ರೇಟ್ ಕೊಡ್ತಾನೆ?”

ಲಾರಿ ಬರುವ ಹೊತ್ತಿಗೆ ಬಕೆಟ್ಟಿನ ನೊರೆ ಇಳಿದು ತಳದಲ್ಲಿ ಹಾಲು ನಿಂತಿತ್ತು. ಅದನ್ನು ನನ್ನ ಎದುರಿಗೇ ಕ್ಯಾನಿಗೆ ಸುರಿದ. ಗಾಳಿ ಅಷ್ಟೊಂದು ತೂಗುತ್ತದೆಂದು ನನಗೆ ಗೊತ್ತಿರಲಿಲ್ಲ.

ಇನ್ನೊಂದು. ಒಕ್ಕೂಟದ ಮ್ಯಾನೇಜರ್ ದೇವೇಂದ್ರ ನಮ್ಮ ಡೈರಿಗೆ ಬಂದಿದ್ದರು. ಸುತ್ತೋಲೆ ಓದಿದರು. ಪ್ರತಿ ಸಂಘಕ್ಕೂ ಗುರಿ ಇಟ್ಟಿದ್ದಾರಂತೆ. ಈ ಭಾಗಕ್ಕೆಲ್ಲ ಸೀಗೆಬಂಡೆಯೇ ಮಾದರಿ. ಡಿಸೆಂಬರಿನೊಳಗೆ ಗುರಿಯ ಹತ್ತಿರ ಬಾರದ ಸಂಘವನ್ನು ಪಕ್ಕದ ಸಂಘಕ್ಕೆ ಸೇರಿಸುತ್ತಾರಂತೆ. ಅಂದರೆ ನಮ್ಮನ್ನು ಮಂಜೇಶನಿಗೆ. ನಮ್ಮ ಹೆಂಗಸರು ಚೊಂಬು ಹಿಡಿದು ಸೀಗೆಬಂಡೆಯ ಗುಡ್ಡ ಹತ್ತಿ ಹೋಗಿ ಆ ತಗಡಿನ ಮುಂದೆ ನಿಲ್ಲಬೇಕು. ಈ ಗುರಿ ಯಾರು ಮಾಡಿದ್ದು ಎಂದು ಕೇಳಿದೆ. “ಪುಣೇಲಿ ಒಬ್ರು ಮೇಡಂ ಇದಾರೆ, ಬಹಳ ಓದಿದೋರು, ಕಂಪ್ಯೂಟರಲ್ಲಿ ಮಾಡಿದ್ದು” ಎಂದರು. ಪುಣೆ ದೊಡ್ಡ ಊರು. ನಿನಗೆ ಗೊತ್ತಿರುವವರಲ್ಲವೇನೋ.

ನಾಳೆಯಿಂದ ನಾನೂ ತಗಡು ಹಿಡಿಯುತ್ತೇನೆ.

ಪಿಳ್ಳಮ್ಮ


ಪುಣೆ
30 ಆಗಸ್ಟ್ 2008

ಅತ್ತಿಗೆ,

ಆ ಮೇಡಂ ನಾನೇ.

ಇದನ್ನು ಮೊದಲ ಕಾಗದದಲ್ಲೇ ಬರೆಯಬೇಕಿತ್ತು. ಸಂಘಗಳ ಪಟ್ಟಿಯಲ್ಲಿ ಹೊನ್ನಕುಂಟೆಯ ಹೆಸರು ಕಂಡಾಗ ನಾನು ಕುರ್ಚಿಯಿಂದ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತೆ. ಅಲ್ಲಿ ನಮ್ಮವರಿದ್ದಾರೆ, ಈ ಕೆಲಸ ನನಗೆ ಬೇಡ ಎಂದು ಆಗಲೇ ಹೇಳಬಹುದಿತ್ತು. ಹೇಳಲಿಲ್ಲ. ಬೇರೆ ಯಾರೋ ಒರಟಾಗಿ ಮಾಡುವುದಕ್ಕಿಂತ ನಾನೇ ನ್ಯಾಯವಾಗಿ ಮಾಡುತ್ತೇನೆ ಎಂದು ಸಮಾಧಾನ ಹೇಳಿಕೊಂಡೆ. ಅದು ಸಮಾಧಾನವೋ ಅಹಂಕಾರವೋ ಇನ್ನೂ ತಿಳಿದಿಲ್ಲ.

ಸಂಘ ಸೇರಿಸುವ ಮಾತು ನನ್ನ ವರದಿಯಲ್ಲಿ ಇರಲಿಲ್ಲ. ಆದರೆ ಒಂದೇ ಸಂಖ್ಯೆ ಕೊಟ್ಟವಳು ನಾನು. ಆ ಸಂಖ್ಯೆಯನ್ನು ಯಾರು ಹೇಗೆ ಬಳಸುತ್ತಾರೆಂದು ಕೇಳದವಳೂ ನಾನು. ಎಲ್ಲರಿಗಿಂತ ಮುಂದಿರುವ ಸಂಘವನ್ನು ಗುರುತಿಸಿ ಉಳಿದವರನ್ನು ಅದರ ಕಡೆಗೆ ಓಡಿಸುವುದು ನನ್ನ ಲೆಕ್ಕದ ರೀತಿ. ಮುಂದಿರುವುದು ಕೆಲಸವೋ ತಗಡಿನ ಪಟ್ಟಿಯೋ ಎಂದು ಲೆಕ್ಕ ಕೇಳುವುದಿಲ್ಲ. ನೂರಕ್ಕೆ ನೂರಾ ಎರಡು ಎಂದಾಗ ನಾನು ಮೆಚ್ಚುವ ಬದಲು ಅನುಮಾನಿಸಬೇಕಿತ್ತು. ಬರೆದುಕೊಂಡದ್ದಕ್ಕಿಂತ ಹೆಚ್ಚು ಹಾಲು ತಲುಪಿದರೆ ಹೆಚ್ಚಿನದು ಯಾರ ಹಸುವಿನದು?

ದಯವಿಟ್ಟು ನೀವು ತಗಡು ಹಿಡಿಯಬೇಡಿ. ಒಂದು ವಾರ ನೊರೆ ಸೇರಿಸಿ ಎಷ್ಟು, ನೊರೆ ಇಳಿದ ಮೇಲೆ ಎಷ್ಟು ಎಂದು ಎರಡೂ ಬಗೆಯಲ್ಲಿ ಅಳೆದು ನನಗೆ ಕಳಿಸಿ. ಇದನ್ನು ಸರಿಪಡಿಸುತ್ತೇನೆ.

ಅನು


ಪುಣೆ
25 ಸೆಪ್ಟೆಂಬರ್ 2008

ಅತ್ತಿಗೆ,

ನಿಮ್ಮಿಂದ ಕಾಗದವಿಲ್ಲ. ಅಣ್ಣನಿಗೆ ಫೋನ್ ಮಾಡಿದರೆ “ಅವಳು ಡೈರೀಲವ್ಳೆ” ಎನ್ನುತ್ತಾನೆ. ಯಾವ ಹೊತ್ತಿಗೆ ಮಾಡಿದರೂ ಡೈರಿ.

ಈ ವಾರ ಒಂದು ವಿಷಯ ಹೊಳೆಯಿತು. ನಾನು ಕೇಳಿದ ಎರಡು ಅಳತೆ ಕಳಿಸಿದರೆ, ಇಷ್ಟು ದಿನ ನೀವು ನೊರೆಯನ್ನೂ ಹಾಲೆಂದು ಬರೆದುಕೊಂಡಿದ್ದೀರಿ ಎಂದು ನಿಮ್ಮ ಕೈಯಿಂದಲೇ ಬರೆಸಿಕೊಂಡಂತೆ. ನಿಯಮದ ಪ್ರಕಾರ ಅದೂ ತಪ್ಪೇ. ನಿಮ್ಮನ್ನು ಉಳಿಸಲು ನಿಮ್ಮಿಂದಲೇ ಸಾಕ್ಷಿ ಕೇಳಿದ್ದೇನೆ. ಅದಕ್ಕೇ ಬರೆಯುತ್ತಿಲ್ಲವೇ? ಅಥವಾ ಸಿಟ್ಟೇ?

ಏನಾದರೂ ಬರೆಯಿರಿ. ಬೈದಾದರೂ.

ಅನು


ಹೊನ್ನಕುಂಟೆ
19 ಅಕ್ಟೋಬರ್ 2008

ಅನು,

ಸಿಟ್ಟಿತ್ತು. ಮೇಡಂ ಹೆಸರನ್ನು ದೇವೇಂದ್ರ ಅವತ್ತೇ ಹೇಳಿದ್ದರು. ಗೊತ್ತಿಲ್ಲದವಳ ಹಾಗೆ ಬರೆದೆ. ನೀನಾಗಿ ಹೇಳುತ್ತೀಯೋ ಇಲ್ಲವೋ ನೋಡಬೇಕಿತ್ತು. ಹೇಳಿದೆ. ಆಮೇಲೂ ಸಿಟ್ಟು ಇಳಿಯಲು ಹೊತ್ತು ಹಿಡಿಯಿತು.

ತಗಡು ಹಿಡಿದೆ. ನಿನ್ನ ಕಾಗದ ಬರುವ ಮೊದಲೇ ಹಿಡಿದಿದ್ದೆ, ಬಂದ ಮೇಲೂ ಬಿಡಲಿಲ್ಲ. ಮೊದಲ ದಿನ ಮಾರಕ್ಕನ ಹಾಲಿನ ಮೇಲೆ ಪಟ್ಟಿ ಎಳೆದಾಗ ಅವಳು ಏನಾದರೂ ಅನ್ನುತ್ತಾಳೆ, ನಾನೂ ಏನಾದರೂ ಅನ್ನೋಣ ಎಂದು ಸಿದ್ಧವಾಗಿದ್ದೆ.  ಅವಳು ಚೊಂಬು ತೊಳೆದುಕೊಂಡು ಹೊರಟೇ ಹೋದಳು. ಮಾರನೆಯ ದಿನ ಬರಲಿಲ್ಲ. ರಸ್ತೆ ಕೆಲಸದವರ ಶೆಡ್ಡುಗಳ ಹತ್ತಿರ ಟೀ ಅಂಗಡಿ ಇದೆ, ಅಲ್ಲಿಗೆ ಹಾಕುತ್ತಿದ್ದಾಳೆ. ಆಮೇಲೆ ಒಬ್ಬೊಬ್ಬರಾಗಿ ಅವಳ ಹಿಂದೆ ಹೋದರು. ಉಳಿದವರು ಬಂದು ಹಾಕಿ ಹೋಗುತ್ತಾರೆ. ಯಾರೂ ನಗುವುದಿಲ್ಲ.

ನಮ್ಮ ಅಂಕಿ ಮಾತ್ರ ಮೇಲೇರಿತು. ಹೋದ ವಾರ ದೇವೇಂದ್ರ ಬಂದು ಶಾಲು ಹೊದಿಸಿ ಫೋಟೊ ತೆಗೆಸಿಕೊಂಡರು. “ನೋಡಿದ್ರಾ ಪಿಳ್ಳಮ್ಮನೋರೆ, ಮನಸ್ಸು ಮಾಡಿದ್ರೆ ಎಲ್ಲಾ ಆಗುತ್ತೆ” ಎಂದರು. ಹಿಂದೆ ಕ್ಯಾನುಗಳಿದ್ದವು. ಮುಕ್ಕಾಲು ಪಾಲು ಖಾಲಿ. ಫೋಟೊದಲ್ಲಿ ಅದು ಕಾಣುವುದಿಲ್ಲ. ನಿನ್ನ ಲೆಕ್ಕದಲ್ಲಿ ಈಗ ನಮ್ಮದು ಬಹಳ ದಕ್ಷ ಸಂಘ. ಹಾಲಿಲ್ಲ, ಅಷ್ಟೆ. ಹೀಗೇ ಹೋದರೆ ಯಾರೂ ನಮ್ಮನ್ನು ಎಲ್ಲಿಗೂ ಸೇರಿಸಬೇಕಾಗಿಲ್ಲ. ತಾನಾಗಿ ಬಾಗಿಲು ಬೀಳುತ್ತದೆ.

ನೊರೆಯ ವಿಷಯ ನಿನಗೆ ಮೊದಲೇ ಸರಿಯಾಗಿ ಬರೆಯಬಹುದಿತ್ತು. ಮಾರಕ್ಕನ ತಮಾಷೆ ಮಾಡಿ ದಾಟಿಸಿಬಿಟ್ಟೆ. ನೀನು ‘ಸುಮ್ಮನೆ’ ಎಂದು ಕೇಳಿದೆ, ನನಗೆ ಅದು ಸುಮ್ಮನೆ ಅನ್ನಿಸಲಿಲ್ಲ. ಈಗ ಬರೆಯುತ್ತೇನೆ.

ನಿಲ್ದಾಣದಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ನಮ್ಮ ಹೆಂಗಸರನ್ನು ಕರೆದೊಯ್ಯುವ ವ್ಯಾನು ಆರು ಗಂಟೆಗೆ ಬರುತ್ತದೆ. ನಿಲ್ದಾಣ ತೆರೆಯುವ ಮುಂಚಿನಿಂದಲೂ ಬರುತ್ತಿದೆ. ಒಬ್ಬರಿಗಾಗಿಯೂ ನಿಲ್ಲುವುದಿಲ್ಲ. ನೊರೆ ಇಳಿಯುವವರೆಗೆ ಕಾದು ಅಳೆಯುತ್ತಾ ಕುಳಿತರೆ ಸಾಲಿನ ಹಿಂದಿನವರಿಗೆ ವ್ಯಾನು ತಪ್ಪುತ್ತದೆ, ಆವತ್ತಿನ ಕೂಲಿ ಹೋಗುತ್ತದೆ. ಅದಕ್ಕೆ ಸಭೆ ಸೇರಿ ಒಂದು ಮಾತು ಮಾಡಿಕೊಂಡೆವು. ಯಾರೂ ಕಾಯುವುದು ಬೇಡ. ಹಾಲು ಹೇಗೆ ನಿಂತಿದೆಯೋ ಹಾಗೇ ಮೇಲಿನಿಂದ ನೋಡಿ ಬರೆಯುವುದು. ಅದರಿಂದ ಬರುವ ನಷ್ಟಕ್ಕೆ ಸಂಘ ಕೊಡುವ ಯುಗಾದಿಯ ಬೋನಸ್ಸನ್ನು ಎಲ್ಲರೂ ಬಿಟ್ಟುಕೊಡುವುದು. ಬೇರೆ ಊರಲ್ಲಿ ವರ್ಷಕ್ಕೊಮ್ಮೆ ಸಿಗುವುದು ನಮ್ಮಲ್ಲಿ ದಿನಾ ನೊರೆಯಲ್ಲಿ ಸಿಗುತ್ತಿತ್ತು. ಯಾರೂ ಯಾರದನ್ನೂ ತಿನ್ನಲಿಲ್ಲ. ಆದರೆ ಒಕ್ಕೂಟಕ್ಕೆ ಹೇಳಿರಲಿಲ್ಲ. ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ತಗಡನ್ನು ಮೊನ್ನೆ ಸೂರಿಗೆ ಸಿಕ್ಕಿಸಿದೆ. ಇಂದು ಮಾರಕ್ಕನ ಮನೆಗೆ ಹೋಗಿದ್ದೆ. ಒಳಗಿಂದಲೇ “ಶಾಲು ಎಲ್ಲಿ, ಹೊದ್ಕೊಂಡ್ ಬರ್ಲಿಲ್ವಾ?” ಎಂದಳು. ಬಾಗಿಲು ತೆಗೆದಳು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ಪಿಳ್ಳಮ್ಮ


ಪುಣೆ
3 ನವೆಂಬರ್ 2008

ಅತ್ತಿಗೆ,

ನಿಮ್ಮ ಕಾಗದವನ್ನು ಎಷ್ಟು ಸಲ ಓದಿದೆನೋ. ನಾನು ‘ಅಳತೆಯ ತಪ್ಪು’ ಎಂದು ಕರೆದದ್ದು ತಪ್ಪೇ ಆಗಿರಲಿಲ್ಲ, ಒಂದು ಒಪ್ಪಂದವಾಗಿತ್ತು. ಅದಕ್ಕೆ ನನ್ನ ಲೆಕ್ಕದಲ್ಲಿ ಜಾಗವೇ ಇರಲಿಲ್ಲ. ಜಾಗ ಮಾಡಬಹುದಿತ್ತೇ ಎಂದರೆ, ಬಹುಶಃ ಆಗುತ್ತಿತ್ತು. ನಾನು ಕೇಳಿದ್ದರೆ.

ದೇವೇಂದ್ರ ಅವರಿಗೆ ಫೋನ್ ಮಾಡಿ, ಹೊನ್ನಕುಂಟೆಯ ಸೆಕ್ರೆಟರಿ ನನ್ನ ಅತ್ತಿಗೆ ಎಂದು ಹೇಳಿದೆ. “ಇದನ್ನ ಈಗ ಹೇಳ್ತೀರಲ್ಲ ಮೇಡಂ” ಎಂದರು. ಅವರು ಹೇಳಿದ್ದು ನ್ಯಾಯವೇ. ಮುಂದಿನ ಗುರಿಗಳನ್ನು ಬೇರೆಯವರು ಇಡುತ್ತಾರೆ. ನನ್ನ ಹಳೆಯ ವರದಿಗೆ ಒಂದು ತಿದ್ದುಪಡಿ ಕಳಿಸಲು ಮಾತ್ರ ಅವಕಾಶ ಕೊಟ್ಟಿದ್ದಾರೆ.

ತಿದ್ದುಪಡಿ ಬರೆದಿದ್ದೇನೆ. ಯಾವ ಸಂಘಕ್ಕೂ ಒಂದೇ ಸಂಖ್ಯೆ ಇಲ್ಲ. ಇಷ್ಟರಿಂದ ಇಷ್ಟರವರೆಗೆ ಎಂದಿದೆ. ಚೊಂಬಿನಷ್ಟು ಹಾಲು ಹಾಕುವ ಊರಿನಲ್ಲಿ ಆ ಅಂತರ ದೊಡ್ಡದು, ಏಕೆಂದರೆ ಪ್ರತಿ ಚೊಂಬಿಗೂ ಒಂದು ನೊರೆ. ಆ ಅಂತರದ ಒಳಗಿರುವ ಯಾವ ಸಂಘವನ್ನೂ ಸೇರಿಸುವಂತಿಲ್ಲ ಎಂದು ಬರೆದಿದ್ದೇನೆ. ಸಂಘಗಳಿಗೆ ತೂಕದ ಯಂತ್ರ ಕೊಡಿ, ನೊರೆ ಇಳಿಯಲು ಕಾಯಬೇಕಿಲ್ಲ ಎಂದೂ ಬರೆದಿದ್ದೇನೆ.

ಆದರೆ ಇದನ್ನು ನಂಬಿಸಲು ಎರಡು ಊರಿನ ನೊರೆಯ ಕಥೆ ಹೇಳಲೇಬೇಕು. ಹೆಸರು ಬಿಟ್ಟು ಬರೆದು ನೋಡಿದೆ. ಊರಿಲ್ಲದ ನೊರೆಯನ್ನು ಯಾರೂ ನಂಬುವುದಿಲ್ಲ. ಹೆಸರು ಬರೆದರೆ ಸಂಘ ಉಳಿಯಬಹುದು. ನಿಮ್ಮ ಸೆಕ್ರೆಟರಿ ಕೆಲಸ ಉಳಿಯುವುದು ಕಷ್ಟ. ಈ ಸಲ ನಿಮ್ಮನ್ನು ಕೇಳದೆ ಏನೂ ಮಾಡುವುದಿಲ್ಲ. ಲಕೋಟೆ ಮೇಜಿನ ಮೇಲಿದೆ, ಅಂಟಿಸಿಲ್ಲ. ನೀವು ಬೇಡ ಎಂದರೆ ಹರಿದುಹಾಕುತ್ತೇನೆ. ಬೇಡ ಎನ್ನಲಿ ಎಂದು ನನ್ನ ಅರ್ಧ ಮನಸ್ಸು ಕಾಯುತ್ತಿದೆ.

ಅನು


ಹೊನ್ನಕುಂಟೆ
11 ನವೆಂಬರ್ 2008
(ಕಾರ್ಡು)

ಅನು, ಕಳಿಸು. ಮಾರಕ್ಕನಿಗೆ ಓದಿ ಹೇಳಿದೆ. ಅವಳೂ ಕಳಿಸು ಅಂದಳು. ಚಳಿ ಜಾಸ್ತಿ, ಅಲ್ಲಿಯೂ ಹೊದ್ದುಕೊಂಡು ಮಲಗು.
ಪಿಳ್ಳಮ್ಮ


ಹೊನ್ನಕುಂಟೆ
8 ಫೆಬ್ರವರಿ 2009

ಅನುಗೆ ಆಶೀರ್ವಾದ.

ಸಂಕ್ರಾಂತಿಗೆ ನೀನು ಕಳಿಸಿದ ಸೀರೆ ಬಂತು. ಉತ್ತರ ತಡವಾಯಿತು. ಬರೆಯುವಂಥದ್ದು ಒಂದು ಸಲಕ್ಕೆ ಮುಗಿಯಲಿ ಎಂದು ಕಾಯುತ್ತಿದ್ದೆ. ಮುಗಿಯುವ ಹಾಗೆ ಕಾಣುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮನ್ನು ಸೀಗೆಬಂಡೆಗೆ ಸೇರಿಸುವ ಆದೇಶ ನಿಂತಿದೆ. ಮುಂದಿನ ವರ್ಷ ಮತ್ತೆ ನೋಡುತ್ತಾರಂತೆ. ಎರಡು ಊರಿಗೂ ತೂಕದ ಯಂತ್ರ ಬಂತು. ಮಂಜೇಶನಿಗೂ ನನಗೂ ಒಂದೇ ದಿನ ನೋಟಿಸು ಕೊಟ್ಟರು. ಅವನು ಯಾರ ಯಾರ ಕೈಯಿಂದಲೋ ಹೇಳಿಸಿ ಉಳಿದುಕೊಂಡ. ನನ್ನನ್ನು ಕರೆದು ನೊರೆಯನ್ನು ಹಾಲೆಂದು ಬರೆದಿದ್ದು ಹೌದೋ ಅಲ್ಲವೋ ಎಂದು ಕೇಳಿದರು. ಹೌದು ಎಂದೆ. ಈಗ ಸೆಕ್ರೆಟರಿ ಮಾರಕ್ಕನ ಸೊಸೆ ದಿವ್ಯ. ಪಿಯುಸಿ ಓದಿದ್ದಾಳೆ, ಚುರುಕಿದ್ದಾಳೆ.

ಯಂತ್ರ ಬಂದ ಮೇಲೆ ಕಾಯುವುದು ಇಲ್ಲ. ವ್ಯಾನು ಯಾರಿಗೂ ತಪ್ಪುವುದಿಲ್ಲ. ಅದು ನೀನು ಹೇಳಿದ ಹಾಗೇ ಆಯಿತು. ಸೀಗೆಬಂಡೆಯ ಅಪ್ಪಯ್ಯಣ್ಣನವರಿಗೆ ಮೊದಲಿಗಿಂತ ಹೆಚ್ಚು ಬರುತ್ತಿದೆ. ನಮ್ಮವರಿಗೆ ಕಡಿಮೆಯಾಗಿದೆ. ಬಿಟ್ಟುಕೊಟ್ಟ ಬೋನಸ್ಸು ಈಗ ವಾಪಸ್ ಬೇಕು ಎಂದು ಸಭೆಯಲ್ಲಿ ಜಗಳ ನಡೆಯುತ್ತಿದೆ. ದಿವ್ಯ ಒಕ್ಕೂಟಕ್ಕೆ ಅರ್ಜಿ ಬರೆದಿದ್ದಾಳೆ. ಉತ್ತರ ಬಂದಿಲ್ಲ.

ಮಾರಕ್ಕ ಬರುತ್ತಿದ್ದಾಳೆ. ಯಂತ್ರ ಬಂದ ದಿನ ಅದನ್ನು ಸುತ್ತಲೂ ನೋಡಿ, “ಇದಕ್ಕೆ ನೊರೆ ಕಾಣಲ್ವೇನಮ್ಮ?” ಎಂದು ಸೊಸೆಯನ್ನು ಕೇಳಿದಳು. “ಇಲ್ಲ ಕಣತ್ತೆ, ಇದಕ್ಕೆ ತೂಕ ಬಿಟ್ರೆ ಏನೂ ಕಾಣಲ್ಲ.” “ಹಂಗಾದ್ರೆ ಕುರುಡೇ ಅನ್ನು” ಎಂದಳು.

ನಿನ್ನ ಮೇಲೆ ಸಿಟ್ಟು ಇದೆಯೇ ಎಂದು ನೀನು ಅಣ್ಣನ ಹತ್ತಿರ ಕೇಳಿದೆಯಂತೆ. ಬೆಳಿಗ್ಗೆ ಎದ್ದ ಕೂಡಲೇ ಡೈರಿಯ ಬೀಗದಕೈಗೆ ಕೈ ಹಾಕುತ್ತೇನೆ, ಗೂಟದಲ್ಲಿ ಬೀಗದಕೈ ಇರುವುದಿಲ್ಲ. ಆಗ ಸಿಟ್ಟು ಇರುತ್ತದೆ. ಹಾಲು ಕರೆದು ಮುಗಿಸುವ ಹೊತ್ತಿಗೆ ಇರುವುದಿಲ್ಲ. ಇದಕ್ಕೂ ನಿನ್ನ ಹಾಗೆ ಎರಡು ಲೆಕ್ಕ ಬರೆದುಕೋ.

ಮೊನ್ನೆ ಮೊದಲ ಸಲ ನಾನೂ ಚೊಂಬು ಹಿಡಿದು ಸಾಲಿನಲ್ಲಿ ನಿಂತೆ. ಇಷ್ಟು ದಿನ ನಿನ್ನ ಅಣ್ಣನೇ ತಂದು ಹಾಕುತ್ತಿದ್ದ. ನನ್ನ ಸರದಿ ಬಂದಾಗ ಏನನ್ನಿಸಿತೋ, ಚೊಂಬನ್ನು ತಲೆಯ ಮಟ್ಟಕ್ಕೆ ಎತ್ತಿ ಸುರಿದೆ. ಯಂತ್ರದ ಮೇಲಿನ ಪಾತ್ರೆಯಲ್ಲಿ ನೊರೆ ಬಾಯಿಯವರೆಗೆ ಏರಿ ನಿಂತಿತು. ದಿವ್ಯ ಯಂತ್ರದ ಕಡೆ ನೋಡಿ ತೂಕ ಬರೆದುಕೊಂಡಳು. ಹಿಂದೆ ನಿಂತಿದ್ದ ಮಾರಕ್ಕ ನನ್ನ ಭುಜದ ಮೇಲಿಂದ ಬಗ್ಗಿ, ಪಾತ್ರೆಯನ್ನು ಮೇಲಿನಿಂದ ನೋಡಿದಳು.

“ಪರ್ವಾಗಿಲ್ಲ ಪಿಳ್ಳಕ್ಕಾ, ತುಂಬಾನೇ ಕೊಟ್ಟೈತೆ ನಿನ್ ಹಸು” ಎಂದಳು.

ಅತ್ತಿಗೆ
ಪಿಳ್ಳಮ್ಮ